ಬೇಲಿಯ ಒಳಗೂ ಹೊರಗೂ: ಜಾಲಹಳ್ಳಿಯಲ್ಲಿ ಪ್ರಭುತ್ವ, ಸಾರ್ವಜನಿಕ ಸೇವೆ ಮತ್ತು ಸಮುದಾಯ

ಬೆಂಗಳೂರು ಉತ್ತರ ತಾಲ್ಲೂಕಿನ ಯಶವಂತಪುರ ಹೋಬಳಿಗೆ ಸೇರಿದ ಜಾಲಹಳ್ಳಿ ಎಂಬ ಗ್ರಾಮದ ಹೆಸರು ಇಂದು ಒಂದಕ್ಕಿಂತ ಹೆಚ್ಚು ಸ್ಥಳಗಳನ್ನು ಸೂಚಿಸುತ್ತದೆ. ಜಾಲಹಳ್ಳಿ ಪೂರ್ವ ಮತ್ತು ಜಾಲಹಳ್ಳಿ ಪಶ್ಚಿಮ ಎಂಬ ಹೆಸರುಗಳು ವಾಯುಪಡೆಯ ನೆಲೆಗಳನ್ನು ನೆನಪಿಗೆ ತರುತ್ತವೆ. ಜಾಲಹಳ್ಳಿ ಕ್ರಾಸ್ ಎಂಬುದು ತುಮಕೂರು ರಸ್ತೆಯ ಮೇಲಿನ ಒಂದು ಕೂಡುರಸ್ತೆ. 2015ರ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆದ ಜಾಲಹಳ್ಳಿ ಮೆಟ್ರೊ ನಿಲ್ದಾಣವೂ ಮೂಲ ಊರಿನಿಂದ ದೂರದಲ್ಲಿ ಅದೇ ರಸ್ತೆಯ ಮೇಲಿದೆ. ಇವುಗಳ ನಡುವೆ ಬಿ.ಇ.ಎಲ್. ವೃತ್ತ, ಎಚ್.ಎಂ.ಟಿ. ಬಡಾವಣೆ, ಎಂ.ಇ.ಎಸ್. ರಸ್ತೆ ಎಂಬ ಅಕ್ಷರಸಂಕ್ಷೇಪದ ಹೆಸರುಗಳು ಹರಡಿಕೊಂಡಿವೆ. ಇವೆಲ್ಲವೂ ಪ್ರಭುತ್ವವು ಬೇರೆ ಬೇರೆ ಕಾಲದಲ್ಲಿ ಈ ನೆಲದ ಮೇಲೆ ಬರೆದ ಹೆಸರುಗಳು. ಇವುಗಳ ಮಧ್ಯೆ ಊರಿನವರೇ ಇಟ್ಟ ಹೆಸರೊಂದು ಉಳಿದುಬಂದಿದೆ, ಅದು ಗಂಗಮ್ಮನಗುಡಿ. ನೀರಿನ ದೇವತೆಯ ಗುಡಿಯಿಂದ ಹುಟ್ಟಿದ ಈ ಹೆಸರನ್ನು ಮುಂದೆ ಪೊಲೀಸ್ ಠಾಣೆಯೂ ಪಡೆದುಕೊಂಡಿತು.

ಸ್ಥಳನಾಮಗಳ ಈ ಪದರಗಳನ್ನು ಒಂದು ಐತಿಹಾಸಿಕ ದಾಖಲೆಯೆಂದು ಭಾವಿಸಿ ಓದುವ ಪ್ರಯತ್ನ ಈ ಲೇಖನದ್ದು. ಪ್ರಭುತ್ವದ ನೀತಿಗಳು ಮತ್ತು ಸಾರ್ವಜನಿಕ ಸೇವೆಗಳು ಒಂದು ಪ್ರದೇಶದ ಸಮುದಾಯಗಳ ಪರಸ್ಪರ ಸಂಬಂಧವನ್ನೂ, ಪ್ರಭುತ್ವದೊಡನೆ ಅವುಗಳ ಸಂಬಂಧವನ್ನೂ ಹೇಗೆ ರೂಪಿಸುತ್ತವೆ ಎಂಬ ಪ್ರಶ್ನೆಗೆ ಜಾಲಹಳ್ಳಿ ಒಂದು ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತದೆ. ಇಲ್ಲಿ ನೀರು, ಶಾಲೆ, ಆಸ್ಪತ್ರೆ, ಸಾರಿಗೆಗಳು ಬಹುಕಾಲ ಪೌರತ್ವದ ಆಧಾರದ ಮೇಲೆ ದೊರೆತವುಗಳಲ್ಲ, ನೌಕರಿಯ ಆಧಾರದ ಮೇಲೆ ದೊರೆತವು. ಆದ್ದರಿಂದ ಸೇವೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಯೇ ಸಮುದಾಯಗಳ ನಡುವಿನ ಗಡಿಯೂ ಬಿದ್ದಿತು. ನೌಕರಿ ಹೋದಾಗ ಸೇವೆಯೂ ಹೋಯಿತು. ಆದರೆ ಗಡಿ ಮಾತ್ರ ಉಳಿಯಿತು.

1. ಆಯಗಾರ ವ್ಯವಸ್ಥೆ ಮತ್ತು ಸಂಸ್ಥಾನದ ಆಡಳಿತ

ಹಳೆಯ ಮೈಸೂರು ಸೀಮೆಯ ಇತರ ಗ್ರಾಮಗಳಂತೆ ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿಯೂ ಸೇವೆ ಎಂಬುದು ಗ್ರಾಮದೊಳಗಿನ ಸಂಬಂಧವಾಗಿತ್ತು. ಶಾನುಭೋಗ ಲೆಕ್ಕ ಬರೆಯುತ್ತಿದ್ದ. ಪಟೇಲ ಕಂದಾಯ ವಸೂಲಿಯನ್ನೂ ಊರಿನ ಶಾಂತಿಯನ್ನೂ ನೋಡಿಕೊಳ್ಳುತ್ತಿದ್ದ. ತೋಟಿ ಮತ್ತು ತಳವಾರರು ಗಡಿ, ಬೆಳೆ, ಸುದ್ದಿಗಳ ಕಾವಲು ಹೊತ್ತಿದ್ದರು. ನೀರಗಂಟಿ ಕೆರೆಯ ತೂಬನ್ನು ತೆರೆದು ಮುಚ್ಚಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸುತ್ತಿದ್ದ. ಇವರಿಗೆ ಸಲ್ಲುತ್ತಿದ್ದ ಪ್ರತಿಫಲ ಕಣದಲ್ಲಿ ಅಳೆದುಕೊಡುವ ಆಯ ಮತ್ತು ಸೇವೆಗೆ ಬಿಟ್ಟ ಇನಾಮು ಭೂಮಿ. ಈ ವ್ಯವಸ್ಥೆ ಜಾತಿಶ್ರೇಣಿಯ ಮೇಲೆ ನಿಂತಿತ್ತೆಂಬುದನ್ನು ಮರೆಯುವಂತಿಲ್ಲ. ತೋಟಿ, ನೀರಗಂಟಿ ಕೆಲಸಗಳು ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದಿದ್ದವು. ಆದರೂ ಸೇವೆ ಮಾಡುವವನು ಯಾರು, ಪಡೆಯುವವನು ಯಾರು, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದು ಪ್ರತಿಯೊಬ್ಬ ಗ್ರಾಮಸ್ಥನಿಗೂ ಮುಖಪರಿಚಯದ ಮಟ್ಟದಲ್ಲಿ ತಿಳಿದಿತ್ತು.

ಗ್ರಾಮದೇವತೆಯ ಹಬ್ಬದಲ್ಲಿ ಈ ಸಂಬಂಧಗಳೇ ಮತ್ತೆ ಆಚರಣೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಸಾರು ಹಾಕುವವನು ತೋಟಿ. ದೀಪದಾರತಿ, ತಂಬಿಟ್ಟು ತರುವ ಮನೆಗಳಿಗೆ ಒಂದು ಕ್ರಮ. ಕರುವುಗಲ್ಲಿನ ಪೂಜೆಗೆ ಒಂದು ಕ್ರಮ. ಕೆರೆ ತುಂಬಿದಾಗ ಗಂಗಮ್ಮನಿಗೆ ಬಾಗಿನ ಕೊಡುವ ಪದ್ಧತಿಯಲ್ಲಿ ನೀರಿನ ಆಡಳಿತ ಮತ್ತು ನೀರಿನ ಆರಾಧನೆ ಒಂದೇ ಆಗಿದ್ದವು. ಗಂಗಮ್ಮನ ಗುಡಿ ಇರುವ ಊರಿನಲ್ಲಿ ನೀರು ದೈವದ ವಿಷಯವಾಗಿದ್ದಷ್ಟೇ ಗ್ರಾಮದ ಹೊಣೆಯೂ ಆಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಚಿತ್ರ ಬದಲಾಗತೊಡಗಿತು. ಎರಡು ಘಟನೆಗಳನ್ನು ಇಲ್ಲಿ ಒಟ್ಟಿಗೆ ಗಮನಿಸಬೇಕು. ಮೊದಲನೆಯದು, 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನೀರು ತರುವ ಯೋಜನೆ ಕಾರ್ಯಗತವಾದದ್ದು. ಹೆಸರಘಟ್ಟದಿಂದ ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಯಂತ್ರಗಳ ನೆರವಿನಿಂದ ನಗರದ ಕಡೆಗೆ ಸಾಗಿದ ಆ ನೀರು ಈ ಪ್ರದೇಶದ ಹಳ್ಳಿಗಳ ಮಗ್ಗುಲಲ್ಲೇ ಹರಿದು ಹೋಯಿತು. ಗ್ರಾಮವೊಂದರ ಕೆರೆಯ ನೀರು ಇನ್ನೊಂದು ಊರಿನ ನಲ್ಲಿಗೆ ಹೋಗಬಹುದು ಎಂಬ ಹೊಸ ಕಲ್ಪನೆ ಹೀಗೆ ಬಂದಿತು. ಎರಡನೆಯದು, 1896ರಲ್ಲಿ ಪೀಣ್ಯ-ಜಾಲಹಳ್ಳಿ ನೆಡುತೋಪಿನ 599 ಎಕರೆ ಪ್ರದೇಶವನ್ನು ಸಂಸ್ಥಾನದ ಸರ್ಕಾರ ಮೀಸಲು ಅರಣ್ಯವೆಂದು ಅಧಿಸೂಚಿಸಿದ್ದು. 1900ರ ಮೈಸೂರು ಅರಣ್ಯ ಕಾಯಿದೆ ಇಂತಹ ಅರಣ್ಯಗಳ ಬಳಕೆಯನ್ನು ಮತ್ತಷ್ಟು ನಿಯಮಗಳಿಗೆ ಒಳಪಡಿಸಿತು. ನೀರು ಮತ್ತು ನೆಲ ಎರಡರಲ್ಲೂ ಸಂಸ್ಥಾನದ ಇಲಾಖೆಗಳು ಗ್ರಾಮ ಮತ್ತು ಅದರ ಸಂಪನ್ಮೂಲಗಳ ನಡುವೆ ನಿಂತವು. 599 ಎಕರೆಯ ಈ ಲೆಕ್ಕ ನೂರಿಪ್ಪತ್ತೆಂಟು ವರ್ಷಗಳ ಬಳಿಕ ಮತ್ತೆ ಚರ್ಚೆಗೆ ಬಂದುದನ್ನು ಮುಂದೆ ನೋಡಬಹುದು.

2. ಯುದ್ಧ, ಕಾರ್ಖಾನೆ ಮತ್ತು ಭೂಮಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರು ಒಂದು ಸೈನಿಕ ಹಿನ್ನೆಲೆಯ ನಗರವಾಯಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. ಜಾಲಹಳ್ಳಿಯ ಬಯಲಿನಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳೂ ಸೈನಿಕ ಆಸ್ಪತ್ರೆಗಳೂ ಎದ್ದವು. ಯುದ್ಧ ಮುಗಿದ ಮೇಲೆ ಈ ನೆಲ ಹಳ್ಳಿಗೆ ಮರಳಲಿಲ್ಲ. 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಇಲ್ಲಿ ಆರಂಭವಾಯಿತು. ಯುದ್ಧದ ಅಗತ್ಯಕ್ಕಾಗಿ ಎದ್ದ ಬೇಲಿ ಶಾಂತಿಕಾಲದಲ್ಲಿ ಶಾಶ್ವತವಾದದ್ದು ಜಾಲಹಳ್ಳಿಯ ಆಧುನಿಕ ಇತಿಹಾಸದ ಮೊದಲ ಅಧ್ಯಾಯ.

ಎರಡನೆಯ ಅಧ್ಯಾಯ ಯೋಜನಾಬದ್ಧ ಕೈಗಾರಿಕೀಕರಣದ್ದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಯೋಗದಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ಸ್ಥಾಪನೆಯಾದವು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಬಂದಿತು. ರಾಷ್ಟ್ರನಿರ್ಮಾಣದ ಈ ಉದ್ಯಮಗಳಿಗೆ ನೆಲ ಒದಗಿಸುವುದನ್ನು ಅಂದಿನ ಮೈಸೂರು ರಾಜ್ಯ ಹೆಮ್ಮೆಯ ವಿಷಯವೆಂದು ಭಾವಿಸಿತು. ಹಾಗೆ ಭಾವಿಸಲು ಕಾರಣವೂ ಇತ್ತು. 1941ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ ಏಳೂಮುಕ್ಕಾಲು ಲಕ್ಷವನ್ನು ಮುಟ್ಟಿತ್ತು. ಅವರಿಗೆ ಉದ್ಯೋಗ ಬೇಕಾಗಿತ್ತು.

ಭೂಮಿ ಯಾವ ಮಾರ್ಗದಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಬರುತ್ತಿತ್ತು ಎಂಬುದನ್ನು ಗಮನಿಸಿದರೆ ಸಮುದಾಯಗಳ ಮೇಲೆ ಅದರ ಪರಿಣಾಮ ಏಕರೂಪವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. 1894ರ ಭೂಸ್ವಾಧೀನ ಕಾನೂನಿನ ಅಡಿಯಲ್ಲಿ ಪರಿಹಾರ ಸಲ್ಲುತ್ತಿದ್ದುದು ಪ್ರಧಾನವಾಗಿ ದಾಖಲೆಯಲ್ಲಿ ಹಕ್ಕು ತೋರಿಸಬಲ್ಲವರಿಗೆ. ಖಾತೆದಾರ ರೈತನಿಗೆ ಅಲ್ಪವಾದರೂ ಹಣ ಬರುತ್ತಿತ್ತು. ಅವನ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ತೋಪಿನಿಂದ ಸೌದೆ, ಸೊಪ್ಪು ತರುತ್ತಿದ್ದ ಹೆಂಗಸಿಗೆ, ಕಣದ ಆಯವನ್ನೇ ನಂಬಿದ್ದ ಕುಂಬಾರ, ಅಗಸ, ಮಾದಿಗ ಕುಟುಂಬಗಳಿಗೆ ಯಾವ ಪಟ್ಟಿಯಲ್ಲಿಯೂ ಜಾಗವಿರಲಿಲ್ಲ. ಅರಣ್ಯ ಅಥವಾ ಸರ್ಕಾರಿ ಭೂಮಿಯಾದರೆ ಸ್ವಾಧೀನದ ಪ್ರಶ್ನೆಯೇ ಬರುವುದಿಲ್ಲ. ಅದು ಸರ್ಕಾರದ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಕಾಗದದ ಮೇಲೆ ದಾಟಿಹೋಗುತ್ತದೆ. ಭೂಮಿಯನ್ನು ಅವಲಂಬಿಸಿ ಬದುಕುವವರೂ ಬಾಧಿತರೆಂದು ಕಾನೂನು ಒಪ್ಪಿಕೊಂಡದ್ದು 2013ರ ಹೊಸ ಭೂಸ್ವಾಧೀನ ಕಾಯಿದೆಯಲ್ಲಿ. ಅಷ್ಟರಲ್ಲಿ ಜಾಲಹಳ್ಳಿಯಲ್ಲಿ ಕಾರ್ಖಾನೆಗಳು ಬಂದು ಆರು ದಶಕಗಳಾಗಿದ್ದವು.

ಇದೇ ಅವಧಿಯಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂದಿತು. ಶಾನುಭೋಗ, ಪಟೇಲರಿಂದ ತೋಟಿ, ನೀರಗಂಟಿಯವರೆಗೆ ಎಲ್ಲ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಜಾತಿಕಟ್ಟಿನಿಂದ ಬಿಡುಗಡೆ ನೀಡಿದ ಈ ಕ್ರಮ ಸ್ವಾಗತಾರ್ಹವೇ. ಆದರೆ ಹಳೆಯ ಸೇವಾವ್ಯವಸ್ಥೆ ರದ್ದಾದ ಕಡೆ ಹೊಸ ಸೇವಾವ್ಯವಸ್ಥೆ ಕೂಡಲೇ ಬರಲಿಲ್ಲ. ನೀರಗಂಟಿ ಹೋದ; ಆದರೆ ನಲ್ಲಿ ಬರಲಿಲ್ಲ. ನಲ್ಲಿ ಬಂದದ್ದು ಬೇಲಿಯ ಒಳಗೆ.

3. ಸೇವೆಯ ಗಡಿ

ಸಾರ್ವಜನಿಕ ಉದ್ಯಮಗಳ ನೌಕರರ ಬಡಾವಣೆಗಳು ಸ್ವತಂತ್ರ ಭಾರತದ ಕಲ್ಯಾಣ ರಾಜ್ಯದ ಕನಸಿನ ಒಂದು ಪ್ರತಿಕೃತಿಯಂತಿದ್ದವು. ವಸತಿಗೃಹ, ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಹಕಾರಿ ಭಂಡಾರ, ಕಾರ್ಖಾನೆಯ ಬಸ್ಸು ಇವೆಲ್ಲವನ್ನೂ ಸಂಸ್ಥೆಯೇ ನೋಡಿಕೊಳ್ಳುತ್ತಿತ್ತು. ಬೇರೆ ಬೇರೆ ಜಾತಿ, ಭಾಷೆ, ಪ್ರಾಂತಗಳಿಂದ ಬಂದವರು ಒಂದೇ ಬಗೆಯ ಮನೆಗಳಲ್ಲಿ ಅಕ್ಕಪಕ್ಕ ಬದುಕಿದರು. ಗಡಿಯಾರದ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಕಾಯಂ ನೌಕರಿ, ನಿಗದಿತ ವೇತನ, ವೈದ್ಯಕೀಯ ಸೌಲಭ್ಯ, ನಿವೃತ್ತಿಯ ಭರವಸೆ ಪಡೆದ ಮಹಿಳಾ ಕಾರ್ಮಿಕರ ಒಂದು ತಲೆಮಾರು ಕರ್ನಾಟಕದಲ್ಲಿ ರೂಪುಗೊಂಡ ಸ್ಥಳಗಳಲ್ಲಿ ಜಾಲಹಳ್ಳಿ ಪ್ರಮುಖವಾದುದು. ಇದನ್ನು ಕಡೆಗಣಿಸಿ ಸಾರ್ವಜನಿಕ ಉದ್ಯಮಗಳ ಚರಿತ್ರೆಯನ್ನು ಬರೆಯಲಾಗದು.

ಈ ಕಾರ್ಖಾನೆಗಳ ಪ್ರಭಾವ ಗ್ರಾಮೀಣ ಸಂಸ್ಕೃತಿಯೊಳಗೂ ಇಳಿಯಿತು. ಎಚ್.ಎಂ.ಟಿ. ಕೈಗಡಿಯಾರ ಮದುವೆಯಲ್ಲಿ ವರನಿಗೆ ಕೊಡುವ ಉಡುಗೊರೆಯಾಗಿ ನಾಡಿನ ಉದ್ದಗಲಕ್ಕೂ ಹಬ್ಬಿತು. ಜಾತಕ, ಪಂಚಾಂಗಗಳ ಮುಹೂರ್ತದಲ್ಲಿ ನಡೆಯುವ ವಿವಾಹದಲ್ಲಿ ಯಂತ್ರದ ಕಾಲವೂ ಒಂದು ಮಂಗಳವಸ್ತುವಾಗಿ ಸೇರಿಕೊಂಡದ್ದು ಜಾನಪದ ಅಧ್ಯಯನಕ್ಕೆ ಮುಖ್ಯವಾದ ಸಂಗತಿ. ಹಾಗೆಯೇ ಆಯುಧಪೂಜೆಯಂದು ಯಂತ್ರಗಳಿಗೆ ಕುಂಬಳಕಾಯಿ ಒಡೆದು, ನೌಕರರ ಮನೆಮಂದಿಯನ್ನು ಒಳಗೆ ಬಿಟ್ಟುಕೊಳ್ಳುವುದು ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಲ್ಲಿ ರೂಢಿಯಾಯಿತು. ವರ್ಷದಲ್ಲಿ ಒಂದು ದಿನ ಗೇಟು ತೆರೆಯುತ್ತಿತ್ತು. ಅಂದು ಒಳಗೆ ಹೋಗುವವರು ನೌಕರರ ಬಂಧುಗಳು ಎಂಬುದೂ ಅಷ್ಟೇ ಗಮನಾರ್ಹ.

ಏಕೆಂದರೆ ಬಡಾವಣೆಯ ಸೌಲಭ್ಯಕ್ಕೆ ಅರ್ಹತೆ ಊರಿನಲ್ಲಿ ಹುಟ್ಟಿದ್ದಲ್ಲ, ನೌಕರಿಯ ಗುರುತಿನ ಚೀಟಿ. ಪಕ್ಕದ ಹಳ್ಳಿಯ ಮನೆಗೂ ಬಡಾವಣೆಯ ಮನೆಗೂ ನಡುವೆ ಒಂದು ಕಾಂಪೌಂಡಿನ ಅಂತರವಿದ್ದರೂ ಅವುಗಳ ಬದುಕಿಗೆ ಆಧಾರವಾದ ವ್ಯವಸ್ಥೆಗಳು ಬೇರೆಬೇರೆಯಾಗಿದ್ದವು. ಒಂದಕ್ಕೆ ಕೇಂದ್ರ ಸರ್ಕಾರದ ಉದ್ಯಮ ನೇರವಾಗಿ ಹೊಣೆ. ಇನ್ನೊಂದಕ್ಕೆ ಅಲ್ಪ ಆದಾಯದ ಪಂಚಾಯಿತಿ ಹೊಣೆ. ಹಳ್ಳಿಯ ಯುವಕನೊಬ್ಬ ಕಾರ್ಖಾನೆಗೆ ಸೇರಿದರೆ ಅದೇ ಕುಟುಂಬದ ಅಣ್ಣತಮ್ಮಂದಿರು ಎರಡು ಬಗೆಯ ಪ್ರಜೆಗಳಾಗುವ ಸ್ಥಿತಿ ಒದಗುತ್ತಿತ್ತು.

ಈ ವಿಭಜನೆ ಆಕಸ್ಮಿಕವಲ್ಲ, ಅದಕ್ಕೆ ತಾತ್ವಿಕ ಸಮರ್ಥನೆಯೂ ಇದೆ ಎಂಬುದಕ್ಕೆ ಸಂವಿಧಾನದ 74ನೆಯ ತಿದ್ದುಪಡಿಯೇ ಸಾಕ್ಷಿ. 1992ರ ಈ ತಿದ್ದುಪಡಿಯ 243ಕ್ಯೂ ವಿಧಿಯ ಪ್ರಕಾರ ಕೈಗಾರಿಕಾ ಸಂಸ್ಥೆಯೇ ಪೌರಸೇವೆಗಳನ್ನು ಒದಗಿಸುತ್ತಿರುವ ಪ್ರದೇಶವನ್ನು ರಾಜ್ಯಪಾಲರು ಕೈಗಾರಿಕಾ ಪಟ್ಟಣವೆಂದು ಗುರುತಿಸಿ, ಅಲ್ಲಿ ಚುನಾಯಿತ ಪೌರಸಂಸ್ಥೆಯಿಲ್ಲದೆ ಮುಂದುವರಿಯಲು ಅವಕಾಶ ನೀಡಬಹುದು. ಬೆಂಗಳೂರಿನ ದಕ್ಷಿಣ ಅಂಚಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಲ್ಲಿ ಕೈಗಾರಿಕಾ ಪಟ್ಟಣ ಪ್ರಾಧಿಕಾರ ರಚನೆಯಾಯಿತು. ಸೇವೆ ಒದಗಿಸುವವನೇ ಆಳಬಹುದು ಎಂಬ ತತ್ತ್ವ ಸಾರ್ವಜನಿಕ ಉದ್ಯಮಗಳ ಕಾಲದಲ್ಲಿ ರೂಢಿಯಾಗಿ ಬೆಳೆದು, ಮಾಹಿತಿ ತಂತ್ರಜ್ಞಾನದ ಕಾಲದಲ್ಲಿ ಕಾನೂನಿನ ರೂಪದಲ್ಲಿ ಮುಂದುವರಿದಿದೆ.

4. ಗೇಟಿನ ಮೇಲಿನ ಭಾಷೆ

ಬೇಲಿಯ ಒಳಹೊರಗಿನ ಸಂಬಂಧ ಅತ್ಯಂತ ತೀವ್ರವಾಗಿ ವ್ಯಕ್ತವಾದದ್ದು ಭಾಷೆಯ ಪ್ರಶ್ನೆಯಲ್ಲಿ. 1963ರಲ್ಲಿ ಕೇಂದ್ರದ ಆಡಳಿತ ಭಾಷಾ ಕಾಯಿದೆ ಮತ್ತು ರಾಜ್ಯದ ಆಡಳಿತ ಭಾಷಾ ಕಾಯಿದೆ ಎರಡೂ ಬಂದವು. ಮೊದಲನೆಯದು ಹಿಂದಿ ಮತ್ತು ಇಂಗ್ಲಿಷಿಗೆ, ಎರಡನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಕೇಂದ್ರೋದ್ಯಮದ ಗೇಟು ಈ ಎರಡು ಕಾನೂನುಗಳು ಎದುರುಬದುರಾದ ಸ್ಥಳ. ಗೇಟಿನ ಹೊರಗೆ ರಾಜ್ಯದ ಭಾಷೆ, ಒಳಗೆ ಕೇಂದ್ರದ ಭಾಷಾನೀತಿ. ಇದರ ಜೊತೆಗೆ ನುರಿತ ಕೆಲಸಗಾರರಾಗಿ ತಮಿಳುನಾಡು, ಕೇರಳ, ಆಂಧ್ರಗಳಿಂದ ಬಂದವರು ಬಡಾವಣೆಯ ಜೀವನವನ್ನು ಬಹುಭಾಷಿಕವನ್ನಾಗಿ ಮಾಡಿದರು. ಕೇರಳ ಶೈಲಿಯಲ್ಲಿರುವ ಜಾಲಹಳ್ಳಿಯ ಅಯ್ಯಪ್ಪ ದೇವಾಲಯ ಈ ವಲಸೆಯ ಸಾಂಸ್ಕೃತಿಕ ಗುರುತು. ಗಂಗಮ್ಮನ ಗುಡಿ ಮೊದಲು ನೆಲೆಸಿದವರ ಗುರುತಾದರೆ, ಅಯ್ಯಪ್ಪನ ಗುಡಿ ಕೆಲಸಕ್ಕಾಗಿ ಬಂದು ನೆಲೆಸಿದವರ ಗುರುತು. ದೇವರನ್ನು ನಿಲ್ಲಿಸಿಕೊಳ್ಳುವುದರ ಮೂಲಕ ಊರಿನಲ್ಲಿ ನಿಲ್ಲುವ ಹಕ್ಕನ್ನು ಪಡೆಯುವ ಕ್ರಮ ಎರಡು ಸಮುದಾಯಗಳಲ್ಲಿಯೂ ಒಂದೇ.

ಕನ್ನಡಿಗ ಕಾರ್ಮಿಕರು ಬಡಾವಣೆಗಳಲ್ಲಿ ಕನ್ನಡ ಸಂಘಗಳನ್ನು ಕಟ್ಟಿಕೊಂಡರು. ರಾಜ್ಯೋತ್ಸವ, ನಾಟಕ, ಉಪನ್ಯಾಸ, ಪುಸ್ತಕ ಪ್ರಕಟಣೆಗಳ ಮೂಲಕ ಈ ಸಂಘಗಳು ಮಾಡಿದ ಕೆಲಸ ಕನ್ನಡ ಸಾಂಸ್ಕೃತಿಕ ಚರಿತ್ರೆಯ ಮಹತ್ವದ ಭಾಗ. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮುಷ್ಕರ 77 ದಿನ ನಡೆಯಿತು. ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಅದರ ಕೇಂದ್ರ ಬೇಡಿಕೆ. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್. ಸಂಸ್ಥೆಗಳ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಪಾಲ್ಗೊಂಡ ಈ ಮುಷ್ಕರದಲ್ಲಿ ಭಾಷಾಭೇದವಿಲ್ಲದೆ ಎಲ್ಲರೂ ಒಂದಾಗಿದ್ದರು. ಅದು ಮುಗಿದ ಮರುವರ್ಷವೇ, 1982ರಲ್ಲಿ, ಗೋಕಾಕ್ ಚಳವಳಿ ನಾಡಿನಾದ್ಯಂತ ಹಬ್ಬಿತು. ವರ್ಗದ ಗುರುತು ಮತ್ತು ಭಾಷೆಯ ಗುರುತು ಒಂದರ ಬೆನ್ನಿಗೆ ಒಂದು ಬೀದಿಗೆ ಬಂದದ್ದನ್ನು ಇಲ್ಲಿ ಕಾಣಬಹುದು.

1983ರಲ್ಲಿ ರಾಜ್ಯ ಸರ್ಕಾರ ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1986ರಲ್ಲಿ ಅಂತಿಮ ವರದಿ ನೀಡಿತು. ಕೇಂದ್ರೋದ್ಯಮಗಳಲ್ಲಿ, ವಿಶೇಷವಾಗಿ ಕೆಳಹಂತದ ಹುದ್ದೆಗಳಲ್ಲಿ, ಸ್ಥಳೀಯರಿಗೆ ಉದ್ಯೋಗ ದೊರೆಯಬೇಕೆಂಬುದು ಅದರ ಮುಖ್ಯ ಆಶಯ. ಸಮಿತಿಯ 58 ಶಿಫಾರಸುಗಳಲ್ಲಿ 45ನ್ನು ಸರ್ಕಾರ ಒಪ್ಪಿಕೊಂಡಿತು. 'ಸ್ಥಳೀಯ' ಎಂಬ ಪದದ ಅರ್ಥವನ್ನು ಮಾತ್ರ ಇಲ್ಲಿ ಸೂಕ್ಷ್ಮವಾಗಿ ಪರಿಶೀಲಿಸಬೇಕಾಗುತ್ತದೆ. ರಾಜ್ಯದ ಚರ್ಚೆಯಲ್ಲಿ ಸ್ಥಳೀಯನೆಂದರೆ ಕರ್ನಾಟಕದ ನಿವಾಸಿ. ನೆಲ ಕೊಟ್ಟ ಹಳ್ಳಿಯ ದೃಷ್ಟಿಯಲ್ಲಿ ಸ್ಥಳೀಯನೆಂದರೆ ಆ ಹಳ್ಳಿಯವನು. ಕನ್ನಡಿಗರ ನ್ಯಾಯವಾದ ಬೇಡಿಕೆಯೊಳಗೆ ಈ ಎರಡನೆಯ ಅರ್ಥ ಮುಳುಗಿಹೋಯಿತು. ಭಾಷೆಗೆ ಸಮಿತಿಯೊಂದು ದೊರೆಯಿತು, ಗೋಮಾಳಕ್ಕೆ ದೊರೆಯಲಿಲ್ಲ.

5. ಜಾಲಹಳ್ಳಿ ಕ್ರಾಸ್, 2016

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ 1966ರಲ್ಲಿ ಬಂದ ನಂತರ ಪ್ರಭುತ್ವದ ಪಾತ್ರ ಬದಲಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಸರ್ಕಾರ ತಾನೇ ಕಾರ್ಖಾನೆ ನಡೆಸುವುದರ ಬದಲು ನಿವೇಶನ, ರಸ್ತೆ, ವಿದ್ಯುತ್ತು ಒದಗಿಸಿ ಖಾಸಗಿ ಸಣ್ಣ ಉದ್ಯಮಿಗಳನ್ನು ಕರೆಯಿತು. ಸಾವಿರಾರು ಸಣ್ಣ ಘಟಕಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಬಂದವು. ಕಾರ್ಮಿಕರಿಗೆ ವಸತಿ ಕಟ್ಟುವ ಹೊಣೆಯನ್ನು ಇಲ್ಲಿ ಯಾರೂ ಹೊರಲಿಲ್ಲ. ಆ ಕೆಲಸವನ್ನು ಮಾಡಿದ್ದು ಸುತ್ತಲಿನ ಹಳ್ಳಿಗಳು. ಹೊಲಗಳು ಕಂದಾಯ ಬಡಾವಣೆಗಳಾದವು. ಊರಿನ ಮನೆಗಳ ಹಿತ್ತಿಲಿನಲ್ಲಿ ಬಾಡಿಗೆ ಕೋಣೆಗಳ ಸಾಲು ಎದ್ದವು. ಬೇಸಾಯ ಕಳೆದುಕೊಂಡ ಗ್ರಾಮಸ್ಥ ಬಾಡಿಗೆಯ ಮೇಲೆ ಬದುಕುವವನಾದ. ದೂರದ ಜಿಲ್ಲೆಗಳಿಂದ ಬಂದ ಕಾರ್ಮಿಕ ಅವನ ಬಾಡಿಗೆದಾರನಾದ. ಪ್ರಭುತ್ವ ಒದಗಿಸದ ಸೇವೆಯೊಂದು ಎರಡು ಸಮುದಾಯಗಳ ನಡುವೆ ಹೊಸ ಸಂಬಂಧವನ್ನೂ ಹೊಸ ಅಸಮಾನತೆಯನ್ನೂ ಸೃಷ್ಟಿಸಿದ ಬಗೆ ಇದು.

2016ರಲ್ಲಿ ನಡೆದ ಎರಡು ಘಟನೆಗಳನ್ನು ಜೊತೆಯಾಗಿಟ್ಟು ನೋಡಿದರೆ ಈ ಸ್ಥಿತ್ಯಂತರದ ಪೂರ್ಣ ಚಿತ್ರ ದೊರೆಯುತ್ತದೆ. ಆ ವರ್ಷದ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಅನುಮೋದನೆ ನೀಡಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು, ಬಹುಪಾಲು ಹೆಂಗಸರು, ಬೀದಿಗಿಳಿದರು. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲವೆಂಬ ಫೆಬ್ರವರಿ 10ರ ಅಧಿಸೂಚನೆ ಇದಕ್ಕೆ ಕಾರಣ. ಹೊಸೂರು ರಸ್ತೆಯಲ್ಲಿ ಆರಂಭವಾದ ಪ್ರತಿಭಟನೆ ತುಮಕೂರು ರಸ್ತೆಗೂ ಹಬ್ಬಿ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಸಂಚಾರ ಸ್ಥಗಿತಗೊಂಡಿತು. ಕಾರ್ಮಿಕ ಸಂಘಟನೆಗಳ ಕರೆಯಿಲ್ಲದೆಯೇ ಹುಟ್ಟಿದ ಈ ಹೋರಾಟ ನಗರದ ಕೆಲವೆಡೆ ಹಿಂಸೆಗೂ ಲಾಠಿ ಪ್ರಹಾರಕ್ಕೂ ಎಡೆಮಾಡಿತು. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ನೀತಿ ರೂಪಿಸಿದವರ ದೃಷ್ಟಿಯಲ್ಲಿ ಆ ಅಧಿಸೂಚನೆ ಕಾರ್ಮಿಕರ ವೃದ್ಧಾಪ್ಯಕ್ಕೆ ಉಳಿತಾಯವನ್ನು ಕಾಯ್ದಿಡುವ ಕ್ರಮವಾಗಿತ್ತು. 58 ವರ್ಷದವರೆಗೆ ಒಂದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾಗುವ ಕಾರ್ಮಿಕ ಎಂಬ ಕಲ್ಪನೆ ಅದರ ಹಿಂದಿದೆ. ಆ ಕಲ್ಪನೆಗೆ ಹೊಂದುವ ಕಾರ್ಮಿಕ ಗಡಿಯಾರದ ಕಾರ್ಖಾನೆಯ ಬಡಾವಣೆಯಲ್ಲಿದ್ದಳು. ಉಡುಪು ಕಾರ್ಖಾನೆಯ ಹೆಂಗಸಿಗೆ ಭವಿಷ್ಯನಿಧಿ ಎಂದರೆ ಕೆಲಸ ಬಿಟ್ಟಾಗ ಕೈಗೆ ಬರುವ ಏಕೈಕ ಗಂಟು; ಮಗಳ ಮದುವೆ, ಮಗನ ಶುಲ್ಕ, ಊರಿನ ಸಾಲಕ್ಕೆ ಅದೇ ಆಧಾರ. ಬಡಾವಣೆ, ಶಾಲೆ, ಆಸ್ಪತ್ರೆ, ಬಸ್ಸುಗಳಿಲ್ಲದ ಅವಳಿಗೂ ಪ್ರಭುತ್ವಕ್ಕೂ ನಡುವೆ ಉಳಿದಿದ್ದ ಎಳೆಗಳಲ್ಲಿ ಅದು ಅತ್ಯಂತ ಗಟ್ಟಿಯಾದುದು. ಆ ಎಳೆಯನ್ನು ಎಳೆದಾಗ ನಗರವೇ ನಿಂತಿತು. ಸೇವೆಗಳು ಕಡಿಮೆಯಾದಷ್ಟೂ ಉಳಿದ ಒಂದೊಂದು ಸೇವೆಯ ಮೇಲೆ ಬೀಳುವ ಭಾರ ಹೆಚ್ಚಾಗುತ್ತದೆ ಎಂಬುದು ಈ ಘಟನೆಯಿಂದ ಕಂಡುಬರುವ ಸತ್ಯ.

6. ಇಬ್ಬರು ವಾರಸುದಾರರು

ಆಡಳಿತದ ಗಡಿಗಳು ಈ ನಡುವೆ ಹಲವು ಬಾರಿ ಬದಲಾದವು. 2007ರಲ್ಲಿ ದಾಸರಹಳ್ಳಿ, ಬ್ಯಾಟರಾಯನಪುರ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಕೂಡಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ 110 ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ತೆರಿಗೆಯ ಗಡಿಗೂ ನೀರಿನ ಗಡಿಗೂ ನಡುವೆ ಹದಿನೇಳು ವರ್ಷಗಳ ಅಂತರವಿತ್ತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳು ಬಂದವು. ಒಂದು ತಲೆಮಾರಿನ ಅವಧಿಯೊಳಗೆ ಈ ಅಂಚಿನ ನಿವಾಸಿ ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆ, ಹೊಸ ನಗರಪಾಲಿಕೆ ಎಂಬ ಬೇರೆ ಬೇರೆ ಬಾಗಿಲುಗಳಿಗೆ ಅರ್ಜಿ ಹಿಡಿದು ಹೋಗಬೇಕಾಯಿತು.

ಇತ್ತ 2024ರಲ್ಲಿ ಎಚ್.ಎಂ.ಟಿ. ಸ್ವಾಧೀನದಲ್ಲಿದ್ದ ಭೂಮಿಯ ಪ್ರಶ್ನೆ ತಲೆಯೆತ್ತಿತು. ಪೀಣ್ಯ-ಜಾಲಹಳ್ಳಿ ನೆಡುತೋಪಿನ 599 ಎಕರೆ 1896ರಲ್ಲಿಯೇ ಅರಣ್ಯವೆಂದು ಅಧಿಸೂಚಿತವಾಗಿದೆ, ಅರಣ್ಯೇತರ ಬಳಕೆಗೆ ಕ್ರಮಬದ್ಧವಾದ ವರ್ಗಾವಣೆ ನಡೆದಿಲ್ಲ, ಆದ್ದರಿಂದ ಅದನ್ನು ಮರಳಿ ಪಡೆಯಬೇಕು ಎಂಬುದು ರಾಜ್ಯದ ಅರಣ್ಯ ಇಲಾಖೆಯ ವಾದ. ಭೂಮಿ ಸಂಸ್ಥೆಗೆ ಸೇರಿದ್ದು ಎಂಬುದು ಕೇಂದ್ರೋದ್ಯಮದ ವಾದ. ಈ ನಡುವೆ ಅದರ ಭಾಗಗಳು ಸರ್ಕಾರಿ ಸಂಸ್ಥೆಗಳಿಗೂ ಖಾಸಗಿಯವರಿಗೂ ಕೈಬದಲಾಗಿವೆ. ನಗರದ ಉತ್ತರ ಭಾಗಕ್ಕೆ ಅಲ್ಲಿನ ಹಸಿರು ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಉದ್ಯಮವೊಂದರ ಉಳಿದ ಕಾರ್ಮಿಕರ ಹಿತವೂ ಮುಖ್ಯ. ಆದರೆ ಈ ವಿವಾದದ ರಚನೆಯನ್ನೇ ಗಮನಿಸಬೇಕು: ವಾರಸುದಾರಿಕೆ ಹೇಳುತ್ತಿರುವ ಇಬ್ಬರೂ ಪ್ರಭುತ್ವದ ಅಂಗಗಳು. ಒಬ್ಬರ ಕೈಯಲ್ಲಿ 1896ರ ಅಧಿಸೂಚನೆ, ಇನ್ನೊಬ್ಬರ ಕೈಯಲ್ಲಿ ಇಪ್ಪತ್ತನೆಯ ಶತಮಾನದ ಹಸ್ತಾಂತರದ ಕಾಗದ. ಆ ಅಧಿಸೂಚನೆಗೂ ಮೊದಲು ಈ ನೆಲಕ್ಕೆ ಹಳ್ಳಿಗಳೊಡನೆ ಇದ್ದ ಸಂಬಂಧ ಯಾರ ಕಡತದಲ್ಲಿಯೂ ಇಲ್ಲ. ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರು ಗೋಮಾಳ ಎಂದು 1966ರ ಕಂದಾಯ ನಿಯಮಗಳು ಹೇಳುತ್ತವೆ. ಜಾನುವಾರು ಇಲ್ಲವಾದ ಮೇಲೆ ಗೋಮಾಳವೂ ಬೇಡವೆಂಬುದು ಆಡಳಿತದ ತರ್ಕ. ಜಾನುವಾರು ಏಕೆ ಇಲ್ಲವಾದವು ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಜಾಗವಿಲ್ಲ.

ಸಮಾರೋಪ

ಜಾಲಹಳ್ಳಿಯ ಚರಿತ್ರೆಯನ್ನು ಕೈಗಾರಿಕಾ ಪ್ರಗತಿಯ ಯಶೋಗಾಥೆಯಾಗಿಯೋ ಗ್ರಾಮನಾಶದ ಶೋಕಗೀತೆಯಾಗಿಯೋ ಬರೆಯುವುದು ಸುಲಭ. ಎರಡೂ ಅಪೂರ್ಣ. ಆಯಗಾರ ಪದ್ಧತಿಯ ಜಾತಿಕಟ್ಟನ್ನು ಸಡಿಲಿಸಿದ್ದು, ಹೆಂಗಸರಿಗೆ ಕಾಯಂ ನೌಕರಿ ಕೊಟ್ಟದ್ದು, ಬೇರೆ ಭಾಷೆಯವರನ್ನು ನೆರೆಹೊರೆಯವರನ್ನಾಗಿ ಮಾಡಿದ್ದು ಆಧುನಿಕ ಪ್ರಭುತ್ವವೇ. ಆದರೆ ಅದು ತನ್ನ ಸೇವೆಗಳನ್ನು ಸ್ಥಳಕ್ಕೆ ಸಲ್ಲಿಸದೆ ಗುರುತಿನ ಚೀಟಿಗೆ ಸಲ್ಲಿಸಿತು. ಅದರಿಂದಾಗಿ ಸೇವೆ ಪಡೆದವರು ಮತ್ತು ಪಡೆಯದವರು ಎಂಬ ವಿಭಜನೆ ಹುಟ್ಟಿತು. ಉದ್ಯಮ ಕುಸಿದಾಗ ಪಡೆದವರೂ ಪಡೆಯದವರ ಸಾಲಿಗೆ ಬಂದರು. ಸಾರ್ವಜನಿಕ ಸೇವೆ ನಿಜವಾಗಿ ಸಾರ್ವಜನಿಕವಾಗಬೇಕಾದರೆ ಅದು ನೆಲದ ಮೇಲೆ ವಾಸಿಸುವ ಎಲ್ಲರಿಗೂ, ಅವರು ಅಲ್ಲಿ ವಾಸಿಸುವ ಕಾರಣಕ್ಕಾಗಿಯೇ, ಸಲ್ಲಬೇಕು ಎಂಬ ಪಾಠವನ್ನು ಈ ಏಳು ದಶಕಗಳ ಅನುಭವ ನೀಡುತ್ತದೆ.

2019ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಯಂತ್ರಗಳನ್ನು, ಗಡಿಯಾರಗಳನ್ನು ಉಳಿಸಿಕೊಂಡಿರುವುದು ಶ್ಲಾಘನೀಯ. ಅದರ ಜೊತೆಗೆ ಈ ಪ್ರದೇಶದ ಕೆರೆಗಳ ಹೆಸರು, ತೋಪುಗಳ ಹೆಸರು, ನೀರಗಂಟಿ ಮನೆತನಗಳ ನೆನಪು, ಬಡಾವಣೆಯ ಕನ್ನಡ ಸಂಘಗಳ ನಡಾವಳಿ ಪುಸ್ತಕಗಳು, ಬಾಡಿಗೆ ಕೋಣೆಗಳ ಉಡುಪು ಕಾರ್ಮಿಕರ ಮೌಖಿಕ ಚರಿತ್ರೆ ಇವೂ ಸಂಗ್ರಹವಾಗಬೇಕಾಗಿದೆ. ನೆಲದ ಕುರಿತ ವಿವಾದಗಳಲ್ಲಿ ಕಡತಗಳೇ ಮಾತನಾಡುತ್ತವೆ. ಕಡತವಿಲ್ಲದವರ ಪರವಾಗಿ ಮಾತನಾಡಬಲ್ಲ ಆಕರವೆಂದರೆ ಮೌಖಿಕ ಪರಂಪರೆ. ಅಕ್ಷರಸಂಕ್ಷೇಪಗಳ ನಡುವೆ ಗಂಗಮ್ಮನಗುಡಿ ಎಂಬ ಹೆಸರು ಉಳಿದುಕೊಂಡಿರುವುದು ಅಂತಹ ಆಕರ ಇನ್ನೂ ಪೂರ್ತಿ ಬತ್ತಿಲ್ಲವೆಂಬುದನ್ನು ತಿಳಿಸುತ್ತದೆ.